ಅಮ್ಮನಿಗೊಂದು ಪಾರ್ಸೆಲ್

ಆಗಸ್ಟ್ 25, ಭಾನುವಾರ

ಮಧ್ಯಾಹ್ನ ನಮ್ಮ ಬೀದಿಯ ಮೂಲೆಯಲ್ಲಿರುವ ನೇಪಾಳಿ ಹೋಟೆಲಿಗೆ ಹೋಗಿದ್ದೆ. ಊಟಕ್ಕೆಂದು ಹೋದದ್ದಲ್ಲ, ತಪಾಸಣೆಗೆಂದು ಹೋದದ್ದು. ಮೂವತ್ತೊಂದು ವರ್ಷ ಕಾರ್ಖಾನೆಯ ಕ್ಯಾಂಟೀನ್ ಸೂಪರ್‌ವೈಸರ್ ಆಗಿದ್ದವನು, ಮನೆ ಹತ್ತಿರ ಹೋಟೆಲು ತೆರೆದು ಮೂರು ತಿಂಗಳಾದರೂ ಒಳಗೆ ಕಾಲಿಡಲಿಲ್ಲವೆಂದರೆ ಕರ್ತವ್ಯಲೋಪ. ಬೆಳಿಗ್ಗೆ ಅಕ್ಕಿ ತೊಳೆದಿಟ್ಟು ಕುಕ್ಕರಿನ ರಬ್ಬರು ಎಲ್ಲಿದೆ ಎಂದು ಮುಕ್ಕಾಲು ಗಂಟೆ ಹುಡುಕಿದ್ದಕ್ಕೂ ಇದಕ್ಕೂ ಸಂಬಂಧವಿಲ್ಲ.

ಬೋರ್ಡಿನಲ್ಲಿ ನ್ಯೂ ಧವಳಗಿರಿ ಫ್ಯಾಮಿಲಿ ರೆಸ್ಟೋರೆಂಟ್ ಎಂದಿದೆ. ಕೆಳಗೆ ಹಿಮಾಲಯನ್, ಚೈನೀಸ್, ನಾರ್ತ್ ಇಂಡಿಯನ್, ಸೌತ್ ಇಂಡಿಯನ್. ಇಷ್ಟು ಸೀಮೆಗಳಿಗೆ ಒಟ್ಟು ಆರು ಮೇಜು. ಓಲ್ಡ್ ಧವಳಗಿರಿ ಎಲ್ಲಿದೆ ಎಂದು ಕೇಳಿದೆ.

"ಅದು ಬೆಟ್ಟ ಸಾರ್. ನಮ್ಮೂರಲ್ಲಿದೆ," ಎಂದಳು ಕೌಂಟರಿನ ಹೆಂಗಸು.

ಹೆಸರು ಮನಮಾಯಾ. ನಲವತ್ತರ ಆಚೀಚೆ. ಒಲೆಯ ಮುಂದೆ ನಿಲ್ಲುವವನು ಗಂಡ, ಟೀಕಾರಾಂ. ಬೇರೆ ಆಳುಕಾಳು ಇಲ್ಲ. ಒಂದು ತಟ್ಟೆ ಅನ್ನ-ಬೇಳೆ ತರಿಸಿದೆ. ಅನ್ನ ಬಿಡಿಬಿಡಿಯಾಗಿತ್ತು, ಬೇಳೆ ತೆಳು. ಸೊಪ್ಪನ್ನು ಹುಳಿ ಬರಿಸಿ ಒಣಗಿಸಿ ಏನೋ ಮಾಡುತ್ತಾರೆ, ಗುಂದ್ರುಕ್ ಅಂತೆ, ತಿನ್ನಬಹುದು. ಕೆಂಪು ಚಟ್ನಿ ಮಾತ್ರ ಮನುಷ್ಯರಿಗೆ ಮಾಡಿದ್ದಲ್ಲ. ಪ್ರೂಫ್ ಆಫ್ ದಿ ಪುಡಿಂಗ್ ಈಸ್ ಇನ್... ಕೊನೆಯ ಪದ ಮರೆತಿದೆ. ಬಿ.ಎ. ಎರಡನೆಯ ವರ್ಷದಲ್ಲಿ ಮೇಷ್ಟ್ರು ಇದನ್ನು ಬಿಡಿಸಿ ಹೇಳಿದ್ದರು. ಪುಡಿಂಗ್ ಎಂದರೇನೆಂದು ಅವರಿಗೂ ತಿಳಿದಿರಲಿಲ್ಲ.

ಕೈ ತೊಳೆದು ಬಂದಾಗ ಮನಮಾಯಾ ಕೇಳಿದಳು: "ಸಾರ್, ಮನೇಲಿ ಅಮ್ಮಂಗೆ ಪಾರ್ಸೆಲ್ ಕೊಡ್ಲಾ?"

ನನ್ನ ಅಂಗಿಯ ಇಸ್ತ್ರಿ ನೋಡಿ ಮನೆಯಲ್ಲಿ ಹೆಂಡತಿ ಇದ್ದಾಳೆಂದುಕೊಂಡಿರಬೇಕು. ಇಸ್ತ್ರಿ ನಾನೇ ಹಾಕಿಕೊಳ್ಳುವುದು, ಕ್ಯಾಂಟೀನಿನ ಅಭ್ಯಾಸ. ಪಿಳ್ಳಮ್ಮ ಹೋಗಿ ಶಿವರಾತ್ರಿಯಿಂದೀಚೆಗೆ ಆರು ತಿಂಗಳಾಯಿತು ಎಂದು ಹೇಳಬಹುದಿತ್ತು. ಆದರೆ ಚಟ್ನಿಯ ಖಾರಕ್ಕೆ ನಾಲಗೆ ಓಡಲಿಲ್ಲ.

"ಅಮ್ಮಂಗೆ ಏನ್ ಇಷ್ಟ ಸಾರ್?"

ಅದಕ್ಕೂ ನಾಲಗೆ ಓಡಲಿಲ್ಲ. ಖಾರ ಅಷ್ಟಿತ್ತು. "ಏನಾದ್ರೂ ಕಟ್ಟಮ್ಮ" ಎಂದೆ. ಥುಕ್ಪಾ ಎಂಬ ಶಾವಿಗೆ ಸಾರು ಕಟ್ಟಿಕೊಟ್ಟಳು. ಮಹಡಿಯ ಮೇಲಿನ ಬಾಡಿಗೆ ಕೋಣೆಯ ರುಕ್ಮವ್ವನಿಗೆ ಕೊಟ್ಟೆ.

ಆಗಸ್ಟ್ 28, ಬುಧವಾರ

ಮತ್ತೆ ತಪಾಸಣೆ. ಒಂದೇ ಸಲ ಉಂಡು ತೀರ್ಮಾನಕ್ಕೆ ಬರಬಾರದು.

ಒಳಗೆ ಕಾಲಿಡುತ್ತಲೇ ಮನಮಾಯಾ, "ಅಮ್ಮಂಗೆ ಥುಕ್ಪಾ ಹಿಡಿಸ್ತಾ ಸಾರ್?" ಎಂದಳು.

"ಪರವಾಗಿಲ್ಲ ಅಂದ್ಲು."

ಪಿಳ್ಳಮ್ಮ ಇದ್ದಿದ್ದರೂ ಅದನ್ನೇ ಹೇಳುತ್ತಿದ್ದಳು. ಆದ್ದರಿಂದ ಇದು ಸುಳ್ಳಿನ ಲೆಕ್ಕಕ್ಕೆ ಬರುವುದಿಲ್ಲ. ಮನಮಾಯಾಳ ಮುಖ ಸಣ್ಣದಾಯಿತು. ಇಂದು ಮೊಮೊ ಕಟ್ಟಿದಳು. ನಾನು ಬೇಡವೆನ್ನುವಷ್ಟರಲ್ಲಿ ಕಟ್ಟಿ ಆಗಿತ್ತು.

ಸೆಪ್ಟೆಂಬರ್ 2, ಸೋಮವಾರ

ತಮ್ಮನ ಮಗ ಶಿವರಾಜ್ ಬಂದಿದ್ದ. ನೀರು ಕೊಟ್ಟೆ, ಕುಡಿಯಲಿಲ್ಲ. ನನ್ನ ಮನೆಯ ಲೋಟವನ್ನು ಅವನು ಈಚೆಗೆ ಬೆಳಕಿಗೆ ಹಿಡಿದು ನೋಡುತ್ತಾನೆ.

"ದೊಡ್ಡಪ್ಪ, ಈ ಸಲ ಮಾಲಯ ಅಮಾಸೆ ಗಾಂಧಿ ಜಯಂತಿ ದಿನಾನೇ ಬಂದ್ಬಿಟ್ಟೈತೆ. ಅವತ್ತು ಮಾಂಸದಂಗಡಿ ಮುಚ್ಚಿರ್ತಾರೆ. ಹಿಂದಿನ ದಿನಾನೇ ತಂದು ಫ್ರಿಜ್ಜಲ್ಲಿಡ್ಬೇಕು. ದೊಡ್ಡಮ್ಮಂದು ಮೊದಲ್ನೇ ಎಡೆ. ಏನೇನ್ ಮಾಡ್ಸೋದು ಯೋಳಿ, ಬರ್ಕೊಂಡ್ಬಿಡ್ತೀನಿ."

ಈಗಿನವರಿಗೆ ಎಡೆಯೆಂದರೆ ಎಲೆ ತುಂಬ ಬಡಿಸುವುದು ಎಂದಷ್ಟೇ ಗೊತ್ತು. ಹಾಗಲ್ಲ. ಸತ್ತವರಿಗೆ ಬದುಕಿದ್ದಾಗ ಏನು ಇಷ್ಟವಿತ್ತೋ ಅದನ್ನೇ ಇಡಬೇಕು. ನಮ್ಮಪ್ಪನ ಎಲೆಗೆ ತಲೆಮಾಂಸ, ಪಕ್ಕದಲ್ಲಿ ಒಂದು ಕ್ವಾರ್ಟರ್. ಅವ್ವನ ಎಲೆಗೆ ಕಜ್ಜಾಯ, ಹೊಗೆಸೊಪ್ಪು. ಬಡಿಸಿ, ಧೂಪ ಹಾಕಿ, ಎಲ್ಲರೂ ಆಚೆ ಬಂದು ಬಾಗಿಲು ಮುಚ್ಚಬೇಕು. ಅವರು ಬಂದು ಉಂಡು ಹೋಗುತ್ತಾರೆ. ಇಷ್ಟದ್ದು ಕಾಣದಿದ್ದರೆ ಹಸಿದುಕೊಂಡೇ ವಾಪಸು ಹೋಗುತ್ತಾರೆ. ಮುಂದಿನ ವರ್ಷದವರೆಗೆ ಅವರಿಗೆ ಊಟವಿಲ್ಲ. ನಾಲ್ಕು ವರ್ಷದ ಹಿಂದೆ ಈ ಶಿವರಾಜನೇ ತನ್ನಪ್ಪನ ಎಲೆಯ ಪಕ್ಕ ಬೇರೆ ಮಾರ್ಕಿನ ಬೀಡಿ ಇಟ್ಟಿದ್ದ. "ಹೆತ್ತಪ್ಪ ಏನು ಸೇದ್ತಿದ್ದ ಅಂತ ಗೊತ್ತಿಲ್ದೇ ಇರೋನು ಎಂಥ ಮಗನೋ" ಎಂದು ನೆಂಟರ ಮುಂದೆಯೇ ಬೈದಿದ್ದೆ. ಹೇಳುವವರು ಇರಬೇಕಾಗುತ್ತದೆ.

"ಎರಡು ಐಟಂ ಯೋಳಿದ್ರೂ ಸಾಕು ದೊಡ್ಡಪ್ಪ."

ಮುದ್ದೆ, ಮಟನ್ ಸಾರು, ಕುರಿ ಈಲಿ ಫ್ರೈ, ಮೊಟ್ಟೆ ಎಂದೆ. ಅವನು ಬರೆದುಕೊಂಡು ಇನ್ನೊಮ್ಮೆ ಓದಿ ನೋಡಿದ.

"ಇದು ನಿಮ್ಮದಲ್ವಾ?"

"ಅವಳೂ ಅದನ್ನೇ ತಿಂತಿದ್ದಿದ್ದು."

ಸಂಜೆ ಸಿಂಗಸಂದ್ರದಿಂದ ಮಗಳು ಸವಿತಾ ಫೋನ್ ಮಾಡಿದಳು. ಪಟ್ಟಿ ಓದಿ ಹೇಳಿದೆ.

"ಅಪ್ಪ, ಅಮ್ಮ ಈಲಿ ಮುಟ್ತಾನೇ ಇರ್ಲಿಲ್ಲ."

"ಮತ್ತೆ ಏನು ಇಷ್ಟ ಇತ್ತು?"

"ಮೊಸರನ್ನ ಅನ್ಸುತ್ತೆ. ಯಾವಾಗ್ಲೂ ನಂಗಿಷ್ಟು ಮೊಸರನ್ನ ಸಾಕು ಅಂತಿದ್ಲು." ಮತ್ತೆ ತಾನೇ, "ಅದು ಇಷ್ಟವೋ, ಉಳಿದಿರ್ತಿದ್ದಿದ್ದು ಅದೋ, ಗೊತ್ತಿಲ್ಲಪ್ಪ," ಎಂದಳು.

ಸೆಪ್ಟೆಂಬರ್ 4, ಬುಧವಾರ

ಮೊಮೊ ಕೂಡ ಅಮ್ಮನಿಗೆ ಅಷ್ಟಾಗಿ ಹಿಡಿಸಲಿಲ್ಲ ಎಂದು ವರದಿ ಕೊಟ್ಟೆ. ಬಿದಿರುಕಳಲೆ ಹಾಕಿದ ಆಲೂಗಡ್ಡೆ ಸಾರು ಹೊಸ ಪಾರ್ಸೆಲ್.

"ಅಮ್ಮ ತುಂಬಾ ಸ್ಟ್ರಿಕ್ಟ್ ಸಾರ್," ಎಂದಳು ಮನಮಾಯಾ.

ಪಿಳ್ಳಮ್ಮನನ್ನು ಹಾಗೆ ಕರೆದವರು ಇದುವರೆಗೆ ಯಾರೂ ಇಲ್ಲ.

ಸೆಪ್ಟೆಂಬರ್ 8, ಭಾನುವಾರ

ಸರ್ಜಾಪುರದಿಂದ ಪಿಳ್ಳಮ್ಮನ ತಂಗಿ ಯಮುನಾ ಕರಿಗಡುಬು ತಂದಿದ್ದಳು. ನಿನ್ನೆಯ ಗಣೇಶನದು. ಎಡೆಯ ಮಾತು ತೆಗೆದೆ. ಮುದ್ದೆ ಎನ್ನುತ್ತಲೇ ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು. ನಗುವಂಥದ್ದೇನೂ ಇರಲಿಲ್ಲ.

"ಭಾವ, ಅಕ್ಕಂಗೆ ಮುದ್ದೆ ಕಂಡ್ರೆ ಆಗ್ತಿರ್ಲಿಲ್ಲ ಕಣ್ರೀ. ನಮ್ಮನೇಲಿದ್ದಾಗ ಅನ್ನ ಇಲ್ದೆ ಊಟಕ್ಕೇ ಕೂರ್ತಿರ್ಲಿಲ್ಲ. ನಿಮ್ಮವ್ವನ ಕಾಲ್ದಲ್ಲಿ ಕಣ್ಣು ಮುಚ್ಕೊಂಡು ನುಂಗೋದು ಕಲಿತ್ಲು."

"ನಲವತ್ತೊಂದು ವರ್ಷ ತಿಂದಳಲ್ಲ."

"ನುಂಗಿದ್ಲು ಅಂದೆ."

"ಹಾಗಾದ್ರೆ ಏನಿಷ್ಟ ಇತ್ತು, ಅದನ್ನಾದರೂ ಹೇಳು."

ಯಮುನಾ ಯೋಚಿಸಿದಳು. ಚಿಕ್ಕವಳಿದ್ದಾಗ ಹುರುಳಿಕಾಳಿನ ಸಾರು, ಅನ್ನ. ಆಮೇಲಿನದು ತನಗೆ ತಿಳಿಯದು ಎಂದಳು. "ಹತ್ತೊಂಬತ್ತು ವರ್ಷ ನಮ್ಮನೇಲಿದ್ಲು, ಅದಕ್ಕೆ ಉತ್ತರ ನಾನು ಕೊಟ್ಟೆ. ಉಳಿದ ನಲವತ್ತೊಂದು ನಿಮ್ಮದು. ನೀವೇ ಹೇಳ್ಬೇಕು."

ಕರಿಗಡುಬಿನಲ್ಲಿ ಬೆಲ್ಲ ಹೆಚ್ಚಾಗಿತ್ತು. ಅದನ್ನು ಹೇಳಿದೆ.

ಸೆಪ್ಟೆಂಬರ್ 11, ಬುಧವಾರ

ಧವಳಗಿರಿಯಲ್ಲಿ ಒಂದು ಆಶ್ಚರ್ಯ. ಹೊಸದೇನಿದೆ ಎಂದರೆ ಟೀಕಾರಾಂ ಢಿಡೋ ಎಂದು ತಂದಿಟ್ಟ. ನೋಡಿದರೆ ರಾಗಿಮುದ್ದೆ. ಉಂಡೆ ಕಟ್ಟಿಲ್ಲ, ಸ್ವಲ್ಪ ಸಡಿಲ, ಅಷ್ಟೇ ವ್ಯತ್ಯಾಸ. ಅದೇ ರಾಗಿ, ಹಾಗೆಯೇ ಸಾರಿನಲ್ಲಿ ಅದ್ದಿ ಅಗಿಯದೆ ನುಂಗುವುದು. ಪಕ್ಕದ ಮೇಜಿನಲ್ಲಿ ಕುತ್ತಿಗೆಗೆ ಕಂಪನಿ ಪಟ್ಟಿ ನೇತುಹಾಕಿಕೊಂಡಿದ್ದ ನಾಲ್ವರು ಅದರ ಫೋಟೋ ತೆಗೆದು ಹಿಮಾಲಯದ ಅಪರೂಪದ ತಿಂಡಿ ಎಂದು ಯಾರಿಗೋ ಕಳಿಸಿದರು. ಅವರಲ್ಲೊಬ್ಬ ಹೊಸಕೋಟೆಯವನು. ಅವನೂ ಕಳಿಸಿದ.

"ನಿಮ್ಮಲ್ಲಿ ಹೆಂಗಸರಿಗೂ ಇದು ಇಷ್ಟವಾ?" ಎಂದು ಮನಮಾಯಾಳನ್ನು ಕೇಳಿದೆ.

"ಮನೇಲಿ ಮಾಡಿದ್ರೆ ಎಲ್ಲರೂ ತಿಂತಾರೆ ಸಾರ್. ಇಷ್ಟ ಯಾರು ಕೇಳ್ತಾರೆ?"

ಸಾಮಾನ್ಯ ಜ್ಞಾನದ ಪ್ರಶ್ನೆಗೆ ಸಾಮಾನ್ಯ ಉತ್ತರ. ಆದರೂ ಸರಿಯಾಗಿ ನುಂಗಲಾಗಲಿಲ್ಲ.

ಸೆಪ್ಟೆಂಬರ್ 13, ಶುಕ್ರವಾರ

ವಿಧಾನ ಬದಲಿಸಿದ್ದೇನೆ. ಕ್ಯಾಂಟೀನಿನಲ್ಲಿ ಯಾರಿಗೆ ಏನು ಇಷ್ಟವೆಂದು ನಾನು ಬಾಯಿಬಿಟ್ಟು ಕೇಳಿದವನಲ್ಲ. ಕೇಳಿದರೆ ಎಲ್ಲರೂ ಸುಳ್ಳು ಹೇಳುತ್ತಾರೆ. ತಟ್ಟೆ ತೊಳೆಯುವ ಟಬ್ಬಿನ ಹತ್ತಿರ ನಿಲ್ಲಬೇಕು. ಬಿಟ್ಟದ್ದೇನೆಂದು ನೋಡಿದರೆ ಮನುಷ್ಯ ಅರ್ಥವಾಗುತ್ತಾನೆ. ಎಂಟುನೂರು ಜನರ ನಾಲಗೆ ನನಗೆ ಬಾಯಿಪಾಠವಿತ್ತು. ಲೇತ್ ವಿಭಾಗದವರು ಹಾಗಲಕಾಯಿ ಬಿಡುತ್ತಾರೆ, ಪೇಂಟ್ ವಿಭಾಗದವರಿಗೆ ಬೆಲ್ಲ ಬೇಕು, ಮ್ಯಾನೇಜರ್ ಸಾಹೇಬರು ಸೋರೆಕಾಯಿಯನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡು ಹೋಗಿ ಎಸೆಯುತ್ತಾರೆ.

ಪಿಳ್ಳಮ್ಮನಿಗೆ ಇದೇ ವಿಧಾನ ಹಚ್ಚಿ ನೋಡಿದೆ. ಅವಳ ತಟ್ಟೆಯಲ್ಲಿ ಏನು ಉಳಿಯುತ್ತಿತ್ತು?

ನೆನಪಾಗಲಿಲ್ಲ. ತಟ್ಟೆಯೇ ನೆನಪಾಗಲಿಲ್ಲ. ನಾನು ಉಂಡು ಮಲಗಿದ ಮೇಲೆ ಅವಳ ಊಟ. ಒಂದನೇ ಪಾಳಿಗೆ ಹೋಗುವಾಗ ನನ್ನ ಡಬ್ಬಿ ಕಟ್ಟಿ ಆಗಿರುತ್ತಿತ್ತು, ರಜೆಯ ದಿನ ನೆಂಟರು ಇರುತ್ತಿದ್ದರು. ಒಂದು ಸ್ಟೀಲ್ ತಟ್ಟೆ, ಅಂಚು ತಗ್ಗಿದ್ದು, ಅದು ಅವಳದೇ ಎಂದು ಕಾಣುತ್ತದೆ. ಗೋಡೆಗೆ ಒರಗಿಸಿಟ್ಟದ್ದು ಈಗಲೂ ಹಾಗೇ ಇದೆ.

ಮಾಹಿತಿ ಅಲಭ್ಯ.

ಸೆಪ್ಟೆಂಬರ್ 18, ಬುಧವಾರ

ಪಿತೃಪಕ್ಷ ಶುರು. ಎರಡು ವಾರ ಉಳಿದಿದೆ. ಮೊದಲಿನ ಪಟ್ಟಿ ಬೇಡವೆಂದಿದ್ದೆ. ಹೊಸದು ಕೇಳಿ ಶಿವರಾಜ್ ಎರಡು ಸಲ ಫೋನ್ ಮಾಡಿದ, ಎತ್ತಲಿಲ್ಲ. ಏನಾದರೊಂದು ಬರೆದುಕೊಟ್ಟು ಕೈ ತೊಳೆದುಕೊಳ್ಳಬಹುದು, ನೆಂಟರಿಗೆ ಏನು ಗೊತ್ತಾಗುತ್ತದೆ. ಆದರೆ ಬರುವವಳಿಗೆ ಗೊತ್ತಾಗುತ್ತದಲ್ಲ. ಸರ್ಜಾಪುರವೋ ಸ್ವರ್ಗವೋ, ಅಷ್ಟು ದೂರದಿಂದ ಬಂದು, ಎಲೆಯ ಮೇಲೆ ಈಲಿ ನೋಡಿ, ಏನೂ ಹೇಳದೆ ಹೊರಟುಹೋಗುತ್ತಾಳೆ. ಹೇಳುವ ಅಭ್ಯಾಸ ಅವಳಿಗೆ ಮೊದಲಿನಿಂದಲೂ ಇಲ್ಲ.

ಧವಳಗಿರಿಯ ಟಬ್ಬಿನ ಹತ್ತಿರ ನಿಂತು ನೋಡಿದೆ. ಕಂಪನಿಯವರೆಲ್ಲ ಕೆಂಪು ಚಟ್ನಿ ಬಿಟ್ಟಿದ್ದರು. ಬಟ್ಟಲು ಚಿಕ್ಕದು ಮಾಡಿ ಎಂದು ಸಲಹೆ ಕೊಟ್ಟೆ. ಟೀಕಾರಾಂ ಕೈಮುಗಿದ. ಮೂರು ಗಂಟೆಗೆ ಜನ ಕರಗಿದರು. ಆಗ ಮನಮಾಯಾ ಒಂದು ತಟ್ಟೆ ಹಿಡಿದು ಅಡುಗೆಕೋಣೆಯ ಮೂಲೆಯ ಸ್ಟೂಲಿನ ಮೇಲೆ ಗೋಡೆಯ ಕಡೆ ಮುಖ ಮಾಡಿ ಕುಳಿತಳು. ತಳದ ಅನ್ನ, ಅದರ ಮೇಲೆ ಗಿರಾಕಿಗಳಿಗೆ ಹೋಗದೆ ಉಳಿದ ಚಟ್ನಿ. ನಾನು ನೋಡುತ್ತಿರುವುದು ಗೊತ್ತಾಗಿ ತಟ್ಟೆಯನ್ನು ಇನ್ನಷ್ಟು ಗೋಡೆಗೆ ತಿರುಗಿಸಿದಳು.

"ನಿನಗೇನಮ್ಮ ಇಷ್ಟ?" ಎಂದೆ. ತನಿಖೆಯ ಭಾಗವಾಗಿ ಕೇಳಿದ್ದು.

"ನಂಗಾ?" ನಕ್ಕಳು. "ಯಾವ್ದು ಉಳಿದಿದೆ, ಅದು."

ಟೀಕಾರಾಂ ಒಲೆಯ ಕಡೆಯಿಂದ ಕೂಗಿ ಹೇಳಿದ: "ಅವಳಿಗೆ ಮೊಮೊ ಅಂದ್ರೆ ಪ್ರಾಣ ಸಾರ್."

ಮನಮಾಯಾ ತಗ್ಗಿದ ದನಿಯಲ್ಲಿ, "ಅದು ಅವರಿಗೆ ಇಷ್ಟ ಸಾರ್," ಎಂದಳು.

ಟೀಕಾರಾಂ ಒಳ್ಳೆಯ ಅಡುಗೆಯವನು. ಹದಿನೆಂಟು ವರ್ಷವಾಯಿತಂತೆ ಮದುವೆಯಾಗಿ. ಇಷ್ಟು ವರ್ಷ ಜೊತೆಗಿದ್ದು ಇಷ್ಟೂ ತಿಳಿಯದ ಗಂಡಸರು ಇದ್ದಾರಲ್ಲ ಎಂದು ದಾರಿಯುದ್ದಕ್ಕೂ ಸೋಜಿಗಪಡುತ್ತ ಬಂದೆ.

ಸೆಪ್ಟೆಂಬರ್ 20, ಶುಕ್ರವಾರ

ಅಮ್ಮನಿಗೆ ಆಲೂ ಸಾರೂ ಹಿಡಿಸಲಿಲ್ಲ, ಗುಂದ್ರುಕ್ಕೂ ಹಿಡಿಸಲಿಲ್ಲ, ನಿನ್ನೆಯ ಹುರಿದ ಅನ್ನವೂ ಹಿಡಿಸಲಿಲ್ಲ. ಒಂದಾದರೂ ಹಿಡಿಸಿತು ಎಂದುಬಿಡಬಹುದಿತ್ತು. ಬಾಯಿ ಬರಲಿಲ್ಲ. ಗೊತ್ತಿಲ್ಲದ್ದನ್ನು ಹೇಗೆ ಹೇಳುವುದು.

ಮನಮಾಯಾ ಕೌಂಟರಿನ ಮೇಲೆ ಕೈಯೂರಿ ನಿಂತಳು. "ಸಾರ್, ನಂಗೆ ಗೊತ್ತಾಯ್ತು. ಅಡುಗೆ ಪ್ರಾಬ್ಲಮ್ ಅಲ್ಲ. ನೀವು ಊಟ ಮಾಡ್ತೀರಾ, ಕೂತು ಮಾತಾಡ್ತೀರಾ, ಆಮೇಲೆ ನಿಧಾನ ಹೋಗ್ತೀರಾ. ಪಾರ್ಸೆಲ್ ಆರಿ ಹೋಗುತ್ತೆ. ಅಮ್ಮಂಗೆ ದಿನಾ ಆರಿದ್ದು ಸಿಗುತ್ತೆ. ಆರಿದ್ದು ಯಾರಿಗೆ ಹಿಡಿಸುತ್ತೆ?"

ಆರೋಗ್ಯದ ದೃಷ್ಟಿಯಿಂದ ನಾನು ನಿಧಾನವಾಗಿ ನಡೆಯುತ್ತೇನೆ ಎಂದೆ.

ಸೆಪ್ಟೆಂಬರ್ 23, ಸೋಮವಾರ

ಇಂದು ಏನಾಯಿತೆಂದರೆ.

ಮಂಡಿನೋವು, ಧವಳಗಿರಿಗೆ ಹೋಗಿರಲಿಲ್ಲ. ಎರಡು ಗಂಟೆಗೆ ಬಾಗಿಲು ಬಡಿದ ಸದ್ದು. ತೆಗೆದರೆ ಮನಮಾಯಾ. ಕೈಯಲ್ಲಿ ಮುಚ್ಚಿದ ಪಾತ್ರೆ, ಸುತ್ತ ಟವಲ್ಲು. ಓಡಿಬಂದಿದ್ದಳು, ಉಸಿರು ಮೇಲೆ ಕೆಳಗೆ ಆಗುತ್ತಿತ್ತು.

"ಅಮ್ಮ ಎಲ್ಲಿ ಸಾರ್? ಬೇಗ ಕರೀರಿ, ಹೊಗೆ ಆಡ್ತಾ ಇದೆ. ಇವತ್ತು ನಾನೇ ಎದುರು ನಿಂತು ತಿನ್ನಿಸ್ತೀನಿ."

ನಾನು ಬಾಗಿಲಿಗೆ ಅಡ್ಡ ನಿಂತೆ. ಅವಳು ನನ್ನ ಭುಜದ ಪಕ್ಕದಿಂದ ಒಳಗೆ ನೋಡಿದಳು. ನಡುಮನೆಯ ಗೋಡೆಯಲ್ಲಿ ಪಿಳ್ಳಮ್ಮನ ಫೋಟೋ, ಹಾರ, ಕೆಂಪು ಬಲ್ಬು.

ಒಂದು ತಿಂಗಳು ಒಂದು ಹೆಂಗಸಿಗೆ ಸುಳ್ಳು ಹೇಳಿದವನು ಅಂಥ ಹೊತ್ತಿನಲ್ಲಿ ಏನು ಹೇಳಬೇಕೆಂದು ಇಂಗ್ಲಿಷಿನಲ್ಲಿ ಒಂದು ಪೂರ್ತಿ ವಾಕ್ಯ ನೆನಪಾಯಿತು. ಐ ಬೆಗ್ ಟು ಸ್ಟೇಟ್ ದಟ್. ರಜೆ ಅರ್ಜಿಯದು. ಅದರ ಮುಂದಿನದು ಬರಲಿಲ್ಲ.

"ಯಾವಾಗ ಸಾರ್?"

"ಶಿವರಾತ್ರಿಗೆ ನಾಲ್ಕು ದಿನ ಮುಂಚೆ."

ಬೈಯುತ್ತಾಳೆ ಎಂದುಕೊಂಡೆ. ಬೈಯಲಿಲ್ಲ. ಚಪ್ಪಲಿ ಬಿಟ್ಟು ಒಳಗೆ ಬಂದಳು. ಫೋಟೋದ ಕೆಳಗೆ ಪಾತ್ರೆ ಇಟ್ಟು ಮುಚ್ಚಳ ತೆಗೆದಳು. ಥುಕ್ಪಾದ ಆವಿ ಗಾಜಿಗೆ ಹತ್ತಿತು. "ಬಿಸಿ ಇದೆ ಅಮ್ಮ," ಎಂದಳು. ನನ್ನ ಕಡೆ ನೋಡದೆ ಹೊರಟಳು.

ಮೆಟ್ಟಿಲ ಮೇಲೆ ರುಕ್ಮವ್ವ ನಿಂತು ಎಲ್ಲ ನೋಡಿದ್ದಾಳೆ. ಕೊಪ್ಪಳದ ಕಡೆಯವಳು. ಅಪಾರ್ಟ್‌ಮೆಂಟಿನ ಕಸ ಗುಡಿಸಿ ಮಧ್ಯಾಹ್ನಕ್ಕೆ ಬಂದುಬಿಡುತ್ತಾಳೆ. ಗಂಡ ಮರೆಪ್ಪ ಕಟ್ಟಡದ ಕೆಲಸಕ್ಕೆ ಹೋದವನು ಬರುವುದು ಸಂಜೆಗೆ.

"ಆಕಿ ಖರೇ ಹೇಳ್ಯಾಳ್ರಿ ಯಜಮಾನ್ರ," ಎಂದಳು ರುಕ್ಮವ್ವ.

"ಏನು ಖರೆ?"

"ಅಮ್ಮಾರು ನಾ ರೊಟ್ಟಿ ಬಡಿಯೋ ಹೊತ್ತಿಗೆ ಮ್ಯಾಲ ಬರ್ತಿದ್ರಿ. ಹಂಚಿನ ಮ್ಯಾಲಿಂದ ಇಳಿಸಿದ್ದು ಕೊಟ್ರ ನಿಂತಲ್ಲೇ ತಿಂತಿದ್ರು, ಕೈ ಸುಡಾಕತ್ತಿದ್ರೂ ಬಿಡ್ತಿದ್ದಿಲ್ಲ. ಪಲ್ಯ ಬೇಕೇನ್ರಿ ಅಂದ್ರ ಬ್ಯಾಡ ಅಂತಿದ್ರು. ಒಮ್ಮೆ ಮುಂಜಾನಿದು ಕೊಟ್ಟೆ. ಆರಿದ್ದು ನಮ್ಮನೇಲೂ ಇದೆ ಕಣೇ, ಅಂದು ನಕ್ಕು ಕೆಳಗ ಹೋದ್ರು."

"ನನಗೆ ಯಾಕೆ ಹೇಳ್ಲಿಲ್ಲ?"

"ನೀವು ಕೇಳಿದ್ರೇನ್ರಿ?"

ಒಳಗೆ ಬಂದು ಕುಳಿತೆ. ಥುಕ್ಪಾ ಆರುವ ಮೊದಲು ಯಾರಾದರೂ ತಿನ್ನಬೇಕಿತ್ತು. ತಿಂದೆ. ನಾಲಗೆ ಸುಟ್ಟಿತು. ಚೆನ್ನಾಗಿತ್ತು.

ಸೆಪ್ಟೆಂಬರ್ 24, ಮಂಗಳವಾರ

ಹೋಗಲಿಲ್ಲ. ಬ್ರೆಡ್ಡು ತಿಂದೆ.

ಸೆಪ್ಟೆಂಬರ್ 25, ಬುಧವಾರ

ಬ್ರೆಡ್ಡು.

ಸೆಪ್ಟೆಂಬರ್ 27, ಶುಕ್ರವಾರ

ಹೋದೆ. ಒಂದು ಗಂಟೆ, ಜನ ತುಂಬಿದ್ದರು. ಮನಮಾಯಾ ನೀರು ತಂದಿಟ್ಟಳು, ಮಾತಿಲ್ಲ. ಅನ್ನ ತಂದಿಟ್ಟಳು, ಮಾತಿಲ್ಲ. ಕೊನೆಗೆ ನಾನೇ ಹೇಳಿದೆ: "ಅವಳಿಗೆ ಹಿಡಿಸ್ತಮ್ಮ."

ಅವಳು ತಲೆಯಾಡಿಸಿದಳು. ಪಕ್ಕದ ಮೇಜು ಒರೆಸಿ ಬಂದು, "ಸುಳ್ಳು ಹೇಳಿದ್ರೂ ಒಂದ್ ದಿನ ಚೆನ್ನಾಗಿದೆ ಅಂತ ಸುಳ್ಳು ಹೇಳ್ಬಹುದಿತ್ತು ಸಾರ್. ತಿಂಗಳು ಪೂರ್ತಿ ನಮ್ಮ ಅಡುಗೆಗೆ ಬೈಸಿದ್ರಿ," ಎಂದಳು.

ಕೌಂಟರಿನ ಕುರ್ಚಿಯಲ್ಲಿ ಗಾಳಿ ಚೆನ್ನಾಗಿ ಬರುತ್ತದೆ. ಊಟವಾದ ಮೇಲೆ ಅಲ್ಲಿ ಕುಳಿತೆ. ನಾನು ಕುಳಿತಿದ್ದರಿಂದ ಅವಳಿಗೆ ಕೂರಲು ಜಾಗವಿರಲಿಲ್ಲ. ಆರನೆಯ ಮೇಜು ಖಾಲಿಯಿತ್ತು, ಅಲ್ಲಿ ಕೂತುಕೋ ಎಂದೆ. ಸುಮ್ಮನೆ ಕೂರುವ ಬದಲು ಊಟ ಮಾಡು ಎಂದೆ. ಟೀಕಾರಾಂನನ್ನು ಕರೆದು, ಏನು ಬೇಕೆಂದು ಕೇಳಿ ಮಾಡಿಕೊಡು, ನೀನೇ ಊಹಿಸಬೇಡ ಎಂದು ಹೇಳಿದೆ. ಅವನು ಸೌಟು ಹಿಡಿದುಕೊಂಡೇ ಹೊರಗೆ ಬಂದು ಹೆಂಡತಿಯ ಮುಂದೆ ಗಿರಾಕಿಯ ಮುಂದೆ ನಿಂತ ಹಾಗೆ ನಿಂತ. ಅವಳು ಬಹಳ ಹೊತ್ತು ಬೋರ್ಡು ನೋಡಿದಳು, ತನ್ನದೇ ಹೋಟೆಲಿನ ಬೋರ್ಡು. ಮೊಟ್ಟೆ ಹಾಕಿದ ಹುರಿದ ಶಾವಿಗೆ ಎಂದಳು.

ನಾಳೆಯೂ ಗಾಳಿಗೆ ಅಲ್ಲೇ ಕೂರಬೇಕು.

ಸೆಪ್ಟೆಂಬರ್ 30, ಸೋಮವಾರ

ಶಿವರಾಜನಿಗೆ ಪಟ್ಟಿ ಕೊಟ್ಟೆ. ಉಳಿದ ಹಿರಿಯರಿಗೆ ಯಾವಾಗಲೂ ಇಡುವುದೇ. ಪಿಳ್ಳಮ್ಮನ ಎಲೆಗೆ ಅನ್ನ, ಹುರುಳಿಕಾಳಿನ ಸಾರು.

"ಇಷ್ಟೇನಾ? ಮೊದಲ್ನೇ ಎಡೆ ದೊಡ್ಡಪ್ಪ, ನೆಂಟ್ರು ನಗಾಡ್ತಾರೆ."

"ಬಿಸಿಯಾಗಿರಬೇಕು."

"ಬೆಳಿಗ್ಗೆ ಮಾಡಿ ಇಡೋದು, ಎಲ್ಲಾರೂ ಬಂದು ಬಡಿಸೋವಷ್ಟರಲ್ಲಿ ಮೂರು ಗಂಟೆ ಆಯ್ತದೆ. ಬಿಸಿ ಎಂಗಿರ್ತದೆ?"

ಪ್ರಶ್ನೆ ಸರಿಯಾಗಿಯೇ ಇದೆ. ಎಡೆಯ ಅಡುಗೆ ಎಂದಾದರೂ ಬಿಸಿಯಾಗಿದ್ದದ್ದು ನನಗೆ ನೆನಪಿಲ್ಲ. ಸತ್ತವರು ಕೇಳುವುದಿಲ್ಲ ಎಂದು ಬದುಕಿರುವವರು ನಡೆಸಿಕೊಂಡು ಬಂದಿರುವ ಅನುಕೂಲ ಅದು.

ಅಕ್ಟೋಬರ್ 1, ಮಂಗಳವಾರ

ಧವಳಗಿರಿಯ ಮೊಮೊ ಬೇಯಿಸುವ ಸ್ಟೀಮರ್ ಒಂದು ದಿನದ ಮಟ್ಟಿಗೆ ಕೇಳಿದೆ. ಅಲ್ಯೂಮಿನಿಯಂ, ನಾಲ್ಕು ಅಂತಸ್ತು, ನನ್ನ ಎದೆಯೆತ್ತರ. ಟೀಕಾರಾಂ ಕೊಡಲು ಹಿಂದೆ ಮುಂದೆ ನೋಡಿದ. ಮನಮಾಯಾ, "ನಾಳೆ ಮೊಮೊ ಇಲ್ಲ ಅಂತ ಬೋರ್ಡು ಹಾಕು," ಎಂದಳು. ಅವನು ಹಾಕಿದ. ಸುಧಾರಿಸುತ್ತಿದ್ದಾನೆ.

ಅಕ್ಟೋಬರ್ 3, ಗುರುವಾರ

ನಿನ್ನೆ ಬರೆಯಲು ಪುರುಸೊತ್ತಾಗಲಿಲ್ಲ.

ಹನ್ನೊಂದು ಗಂಟೆಗೆ ಮನಮಾಯಾ ಮತ್ತು ಮರೆಪ್ಪ ಸ್ಟೀಮರನ್ನು ಎರಡು ಕಡೆ ಹಿಡಿದುಕೊಂಡು ಬಂದರು. ನಡುಮನೆಯಲ್ಲಿ ಎಲೆಗಳ ಸಾಲು, ಮೂಲೆಯಲ್ಲಿ ಹೋಟೆಲಿನ ಗ್ಯಾಸ್ ಒಲೆ, ಅದರ ಮೇಲೆ ಹಿಮಾಲಯದಂಥ ಈ ಪಾತ್ರೆ ಬುಸುಗುಡುತ್ತ ನಿಂತಿತು. ನೆಂಟರು ಬಂದವರೆಲ್ಲ ಮೊದಲು ಅದನ್ನು ನೋಡಿ, ಆಮೇಲೆ ಫೋಟೋ ನೋಡಿ, ಕೊನೆಗೆ ನನ್ನನ್ನು ನೋಡಿದರು.

"ದೊಡ್ಡಮ್ಮಂಗೆ ಮೊಮೊ ಇಷ್ಟ ಇತ್ತಾ?" ಶಿವರಾಜ್ ಮೆಲ್ಲಗೆ ಕೇಳಿದ.

"ಇಲ್ಲ."

"ಮತ್ತೆ?"

"ಬಿಸಿ ಇಷ್ಟ ಇತ್ತು."

ಯಾರೋ ಹಿಂದಿನಿಂದ ನನ್ನ ಬಗ್ಗೆ, "ಆಂಜಿನಪ್ಪಂಗೆ ತಲೆ ಕೆಟ್ಟೈತೆ, ಪಾಪ," ಎಂದರು. ಸವಿತಾ ತಿರುಗಿ ಯಾರೆಂದು ನೋಡಿದಳು. ಯಮುನಾ ಸ್ಟೀಮರಿನ ಕೆಳಗಿನ ಅಂತಸ್ತಿನಲ್ಲಿ ಅನ್ನ, ಮೇಲಿನದರಲ್ಲಿ ಸಾರಿನ ಪಾತ್ರೆ ಇಟ್ಟಳು.

ಮೂರು ಗಂಟೆಗೆ ಉಳಿದ ಎಲೆಗಳಿಗೆಲ್ಲ ಬಡಿಸಿ ಧೂಪ ಹಾಕಿ ಆಯಿತು. ಎಲ್ಲರನ್ನೂ ಆಚೆ ಕಳಿಸಿದೆ. ಆಮೇಲೆ ಪಿಳ್ಳಮ್ಮನ ಎಲೆಗೆ ನಾನೇ ಬಡಿಸಿದೆ. ಎಂಟುನೂರು ಜನಕ್ಕೆ ಬಡಿಸಿದ ಕೈ, ಈ ಎಲೆಗೆ ಎಷ್ಟು ಹಾಕಬೇಕೆಂದು ತಿಳಿಯದೆ ಎರಡು ಸಲ ಹಾಕಿ, ಒಂದು ಸಲ ತೆಗೆದೆ. ಅನ್ನದ ಮೇಲೆ ಸಾರು ಬಿಟ್ಟಾಗ ಆವಿ ಫೋಟೋದವರೆಗೆ ಹೋಯಿತು. ಬಾಗಿಲು ಮುಚ್ಚಿಕೊಂಡು ಬಂದೆ.

ಒಂದು ಊದುಬತ್ತಿ ಉರಿಯುವಷ್ಟು ಹೊತ್ತು ಕಾಯುವುದು ಪದ್ಧತಿ. ಎಲ್ಲರೂ ಬೀದಿಯಲ್ಲಿ ನಿಂತಿದ್ದೆವು. ಮೇಲೆ ಮೆಟ್ರೋ ಹೋಯಿತು. ಬಾಗಿಲು ತೆಗೆದಾಗ ಎಲೆಯ ಮೇಲಿನ ಆವಿ ಹೋಗಿತ್ತು. ಶಿವರಾಜ್, "ಬಂದು ಹೋಗವ್ರೆ," ಎಂದ. ಆವಿ ಹೋಗಿತ್ತು ಎಂಬಷ್ಟನ್ನು ಮಾತ್ರ ನಾನು ಖಚಿತವಾಗಿ ಬರೆಯಬಲ್ಲೆ.

ಊಟಕ್ಕೆ ಹೆಂಗಸರನ್ನು ಮೊದಲ ಪಂಕ್ತಿಗೆ ಕೂರಿಸಿದೆ. ಇದರಲ್ಲಿ ವಿಶೇಷವೇನಿಲ್ಲ. ಸ್ಟೀಮರಿನಲ್ಲಿ ಬಿಸಿಯಾಗಿದ್ದದ್ದು ಸ್ವಲ್ಪವೇ, ಅದರ ಹತ್ತಿರ ನಿಂತಿದ್ದವರು ಅವರು. ಗಂಡಸರು ಮುಖ ಮುಖ ನೋಡಿಕೊಂಡರು. ರುಕ್ಮವ್ವ ಬಾಗಿಲಲ್ಲಿ ನಿಂತಿದ್ದಳು, ಅವಳನ್ನೂ ಕೂರಿಸಿದೆ. ಮನಮಾಯಾ ಹೋಟೆಲಿಗೆ ಹೊತ್ತಾಯಿತು ಎಂದಳು, ಟೀಕಾರಾಂ ನೋಡಿಕೊಳ್ಳುತ್ತಾನೆ ಎಂದು ಎಲೆ ಹಾಕಿದೆ. ಬಡಿಸಿದವನು ನಾನು. ಯಮುನಾ ತಲೆಯೆತ್ತಿ, "ಭಾವ, ಅಕ್ಕ ಇದನ್ನ ನೋಡಿದ್ದಿದ್ರೆ," ಎಂದವಳು ಮುಂದೆ ಹೇಳದೆ ಇನ್ನೊಂದು ಸ್ವಲ್ಪ ಅನ್ನ ಹಾಕಿಸಿಕೊಂಡಳು.

ಆಮೇಲೆ ಗಂಡಸರು. ಆಮೇಲೆ ತಡವಾಗಿ ಬಂದವರು. ಎಲ್ಲರನ್ನೂ ಕಳಿಸಿ ನಾನು ತಟ್ಟೆ ಹಾಕಿಕೊಂಡಾಗ ಐದು ಗಂಟೆ. ಅನ್ನ ಮುಗಿದಿತ್ತು. ಒಂದು ಮುದ್ದೆ ಉಳಿದಿತ್ತು, ಮೇಲೆ ಪದರು ಕಟ್ಟಿ ಕಲ್ಲಾಗಿತ್ತು. ಮಟನ್ ಸಾರಿನ ಮೇಲೆ ಕೊಬ್ಬು ಬೆಳ್ಳಗೆ ಹೆಪ್ಪುಗಟ್ಟಿತ್ತು. ಬಿಸಿ ಮಾಡೋಣವೆಂದರೆ ಮನೆಯ ಸಿಲಿಂಡರು ಬೆಳಗಿನ ಅಡುಗೆಗೇ ಮುಗಿದಿತ್ತು, ಹೋಟೆಲಿನ ಗ್ಯಾಸ್ ಒಲೆ ಸ್ಟೀಮರಿನ ಜೊತೆ ಹೊರಟುಹೋಗಿತ್ತು. ಗೋಡೆಗೆ ಒರಗಿ ಕುಳಿತು ತಿಂದೆ. ಆರಿದ ಮುದ್ದೆ ಗಂಟಲಲ್ಲಿ ನಿಲ್ಲುತ್ತದೆ, ನೀರು ಕುಡಿದರೂ ಇಳಿಯುವುದಿಲ್ಲ. ಇದನ್ನು ಊಟ ಎಂದು ಕರೆಯಲಾಗದು. ಈ ಮನೆಯಲ್ಲಿ ಇಷ್ಟು ವರ್ಷ ಇಂಥದ್ದು ನಡೆಯುತ್ತಿತ್ತೆಂದರೆ, ಯಾರಾದರೂ ನನ್ನ ಗಮನಕ್ಕೆ ತರಬೇಕಾಗಿತ್ತು.